ಚಿಕ್ಕನಾಯಕನಹಳ್ಳಿಯ ಪಟ್ಟಿಕಲ್ಲಿನಲ್ಲಿ ಹಳೆಯ ಕಡಲನ್ನು ಓದುವ ಬಗೆ

ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಸುತ್ತಿನ ಗುಡ್ಡಗಳಲ್ಲಿ ಕೆಂಪು-ಕಪ್ಪು ಕಬ್ಬಿಣದ ಪಟ್ಟಿ, ಅದರ ಮೇಲೆ ಬೂದು ಚೆರ್ಟ್ (ಸಿಲಿಕಾದಿಂದಾದ ನುಣ್ಣನೆಯ ಗಟ್ಟಿ ಕಲ್ಲು) ಪಟ್ಟಿ, ಹೀಗೆ ಸೀರೆಯ ಅಂಚಿನಂತೆ ಜೋಡಿಸಿಟ್ಟ ಕಲ್ಲು ಸಿಗುತ್ತದೆ. ಚಿತ್ರದುರ್ಗ ಶಿಲಾಪಟ್ಟಿ ಎಂಬ ಹಳೆಯ ಕಲ್ಲುಗಳ ಉದ್ದನೆಯ ವಲಯಕ್ಕೆ ಸೇರಿದ ಇದು 250 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಕೂತ ಮಡ್ಡಿ. ನೀರಲ್ಲಿ ಆಮ್ಲಜನಕ ಇಲ್ಲದಿದ್ದಾಗ ಕಬ್ಬಿಣ ಕರಗಿಯೇ ದೂರ ಸಾಗುತ್ತದೆ. ಉತ್ಕರ್ಷಣಗೊಂಡ ಕಡೆ ತಳ ಸೇರುತ್ತದೆ.

ಮೊದಲು ಜಾಗ. ಗುಡ್ಡದ ನೆತ್ತಿಯ ಜಂಬಿಟ್ಟಿಗೆ ಬೇಡ. ಅಲ್ಲಿ ಮಳೆನೀರು ಸಿಲಿಕಾವನ್ನು ತೊಳೆದು ಕಬ್ಬಿಣವನ್ನಷ್ಟೇ ಉಳಿಸಿರುತ್ತದೆ. ಅದು ಕಡಲಿನ ಲೆಕ್ಕವಲ್ಲ. ಹಳ್ಳದ ಕೊರೆತ, ರಸ್ತೆ ಕಡಿದ ಗೋಡೆ ನೋಡಿ. ಗಣಿಗುಂಡಿಗೆ ಅನುಮತಿ ಇಲ್ಲದೆ ಇಳಿಯಬೇಡಿ.

ಸುತ್ತಿಗೆಯಿಂದ ಹೊಸ ಮೈ ಒಡೆದು, 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಕಣ್ಣಿಗೆ ರಕ್ಷಣಾ ಕನ್ನಡಕ ಇರಲಿ, ಚೆರ್ಟ್ ಚೂರು ಗಾಜಿನಷ್ಟೇ ಹರಿತ. ಯಾವ ಕಬ್ಬಿಣದ ಖನಿಜ ಎಂದು ತಿಳಿಯಲು ಕಪ್ಪು ಪಟ್ಟಿಯನ್ನು ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿ: ಕೆಂಗಂದು ಗೀರಾದರೆ ಹೆಮಟೈಟ್, ಹಳದಿಗಂದಾದರೆ ಗೋಥೈಟ್. ಕಪ್ಪು ಗೀರಿನ ಜೊತೆಗೆ ಅಯಸ್ಕಾಂತಕ್ಕೂ ಅಂಟಿದರೆ ಮ್ಯಾಗ್ನೆಟೈಟ್. ಅಂಟದಿದ್ದರೆ ಈ ಸೀಮೆಯಲ್ಲಿ ಮ್ಯಾಂಗನೀಸ್ ಅದಿರಿನ ಅನುಮಾನ ಇರಲಿ. ಗೋಥೈಟ್ ಸಾಮಾನ್ಯವಾಗಿ ಆಮೇಲಿನ ಶಿಥಿಲತೆಯ ಗುರುತು.

ಬೆಣಚು ಕಲ್ಲಿನ ಎಳೆಯನ್ನು ಚೆರ್ಟ್ ಎಂದು ಬಗೆಯುವುದು ಸಾಮಾನ್ಯ ತಪ್ಪು. ಕಾವು ಒತ್ತಡಕ್ಕೆ ಸಿಕ್ಕಿದ ಚೆರ್ಟ್ ಕೂಡ ಸಕ್ಕರೆ ಹರಳಿನಂತಾಗಿರುವುದರಿಂದ ಕಣದ ಗಾತ್ರವೊಂದನ್ನೇ ನಂಬಬೇಡಿ. ಪಟ್ಟಿಗಳನ್ನು ಅಡ್ಡ ಕತ್ತರಿಸಿ ಹೋದರೆ ಅದು ಎಳೆ.

ಇಲ್ಲಿ ದಿಕ್ಸೂಚಿಯೂ ದಾರಿ ತಪ್ಪಿಸುತ್ತದೆ, ಮ್ಯಾಗ್ನೆಟೈಟ್ ಮುಳ್ಳನ್ನು ಎಳೆಯುತ್ತದೆ. ಪದರದ ಜಾಡಿನಲ್ಲೇ ನಡೆದು, ದೂರದೂರದ, ಆದರೆ ಒಂದೇ ಎತ್ತರದ ಎರಡು ಕಡೆ ಜಿಪಿಎಸ್ ಗುರುತು ಹಾಕಿ, ಅವುಗಳ ನಡುವಿನ ಗೆರೆಯಿಂದ ಪದರ ಸಾಗುವ ದಿಕ್ಕು ತೆಗೆಯಿರಿ.

ಇನ್ನು ಆಳದ ಪ್ರಶ್ನೆ. ಪಟ್ಟಿ ತೆಳ್ಳಗಿದೆ ಅಂದಮಾತ್ರಕ್ಕೆ ಆಳಸಮುದ್ರ ಎನ್ನಲಾಗದು. ನೀರು ಶಾಂತವಾಗಿತ್ತು ಎಂದಷ್ಟೇ ಅರ್ಥ. ಪಕ್ಕದ ಕಲ್ಲುಗಳನ್ನು ಕೇಳಬೇಕು. ಮರಳು-ಜೇಡಿ ಬೆರೆತ ಕಲ್ಲಾದ ಗ್ರೇವ್ಯಾಕ್‌ನಲ್ಲಿ ದಪ್ಪ ಕಣ ಕೆಳಗೆ, ಸಣ್ಣದು ಮೇಲೆ ಎಂದು ಮರಳಿ ಮರಳಿ ಬಂದರೆ ಅದು ಇಳಿಜಾರಿನಲ್ಲಿ ಹರಿದ ಕೆಸರುಪ್ರವಾಹ. ಅಲೆಯ ಗುರುತೂ ಇಲ್ಲದಿದ್ದರೆ ಆಳದ ವಾದಕ್ಕೆ ಬಲ. ದಪ್ಪ ಕಣವೇ ಮೇಲಿದ್ದರೆ ಪದರ ಮಡಚಿ ತಲೆಕೆಳಗಾಗಿರಬಹುದು. ಸುಣ್ಣಕಲ್ಲಿನಲ್ಲಿ ಗುಮ್ಮಟದಂತೆ ಉಬ್ಬಿದ ಸ್ಟ್ರೊಮಾಟೊಲೈಟ್ (ಸೂಕ್ಷ್ಮಜೀವಿಗಳು ಕಟ್ಟಿದ ಪದರಗಳು) ಕಂಡರೆ ಬಿಸಿಲು ತಲುಪುವ ಆಳವಿಲ್ಲದ ನೀರು. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿರುವಂಥ ದಿಂಬಿನಾಕಾರದ ಲಾವಾ, ನೀರಡಿಯಲ್ಲಿ ಉಕ್ಕಿದ್ದಕ್ಕೆ ಸಾಕ್ಷಿ. ಎಷ್ಟು ಆಳ ಎಂದು ಅದೊಂದೇ ಹೇಳದು.

ಪ್ರಯೋಗಾಲಯಕ್ಕೆ ಸುಮಾರು ಒಂದು ಕಿಲೋ ತಾಜಾ ಕಲ್ಲು ಸಾಕು. ಸುತ್ತಿಗೆಯ ಉಕ್ಕು ತಾಗಿದ ಮೈ ತೆಗೆದು, ಅಗೇಟ್ ಎಂಬ ಗಟ್ಟಿ ಸಿಲಿಕಾ ಕಲ್ಲಿನ ಒರಳಿನಲ್ಲಿ ಪುಡಿ ಮಾಡಿಸಿ. ಟಂಗ್‌ಸ್ಟನ್ ಕಾರ್ಬೈಡ್ ಆದರೆ ಕೋಬಾಲ್ಟ್ ಸೇರಿಬಿಡುತ್ತದೆ. ಅಲ್ಯೂಮಿನಾ, ಟೈಟಾನಿಯಂ ಹೆಚ್ಚಿದ್ದರೆ ನೆಲದಿಂದ ಬಂದ ಜೇಡಿ ಅಥವಾ ಜ್ವಾಲಾಮುಖಿ ಬೂದಿ ಬೆರೆತಿದೆ. ಆ ತುಂಡು ಕಡಲ ನೀರಿನ ಸಾಕ್ಷಿಯಾಗದು. ವಿರಳ ಭೂಧಾತುಗಳಲ್ಲಿ ಯುರೋಪಿಯಂ ತನ್ನ ಪಕ್ಕದ ಧಾತುಗಳಿಗಿಂತ ಏರಿದ್ದರೆ ಕಡಲ ತಳದ ಬಿಸಿನೀರ ಬುಗ್ಗೆಗಳ ಪಾಲಿದೆ. ಅದೇ ಗುಂಪಿನ ಸೀರಿಯಂ ಇಳಿದಂತೆ ಕಂಡರೆ ನೀರಲ್ಲಿ ಆಮ್ಲಜನಕ ಇತ್ತು ಎಂದು ಅವಸರಪಡಬೇಡಿ: ಪಕ್ಕದ ಧಾತು ಲ್ಯಾಂಥನಂ ಹೆಚ್ಚಿದ್ದರೂ ಹಾಗೇ ಕಾಣುತ್ತದೆ. ಇನ್ನೊಂದು ಪಕ್ಕದ ಧಾತು ಪ್ರಸಿಯೋಡೈಮಿಯಂ ಜೊತೆ ತಾಳೆ ನೋಡಿ. ಶಿಥಿಲತೆಯೂ ಸೀರಿಯಂ ಲೆಕ್ಕ ಕೆಡಿಸುವುದರಿಂದ, ಕೊಳವೆ ಕೊರೆದು ತೆಗೆದ ಕಲ್ಲು ಸಿಕ್ಕರೆ ಮೇಲ್ಮೈ ತುಂಡಿಗಿಂತ ಅದನ್ನೇ ಕಳಿಸಿ.