ಯುದ್ಧದ ದಿನಗಳಲ್ಲಿ ಭಾನುವಾರದ ವಿಜ್ಞಾಪನಾ ಪ್ರಾರ್ಥನೆ: ಸಿದ್ಧತೆ ಮಾಡಿಕೊಳ್ಳುವ ಬಗೆ

ಪ್ರಸಂಗದ ನಂತರದ ವಿಜ್ಞಾಪನಾ ಪ್ರಾರ್ಥನೆಯನ್ನು ಸಭಾಪಾಲಕರೇ ಮಾಡಬೇಕೆಂದಿಲ್ಲ. ನಮ್ಮ ಮಂಗಳೂರಿನ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸಭೆಯಲ್ಲಿ ಹಿರಿಯರಿಗೂ ಯುವಜನರಿಗೂ ಸರದಿ ಬರುತ್ತದೆ. ಕಾಯಿಲೆಯವರು, ಪರೀಕ್ಷೆ ಬರೆಯುವ ಮಕ್ಕಳು, ಮಳೆಬೆಳೆ ಇವುಗಳಿಗಾಗಿ ಬೇಡುವುದು ಎಲ್ಲರಿಗೂ ರೂಢಿಯಾಗಿದೆ. ಯುದ್ಧ ಶುರುವಾದ ವಾರ ಮಾತ್ರ ನಾಲಿಗೆ ತಡವರಿಸುತ್ತದೆ. ಕೆಲವರು "ಲೋಕದಲ್ಲಿ ಶಾಂತಿ ನೆಲೆಸಲಿ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ, ಕೆಲವರು ಟಿ.ವಿ. ಸುದ್ದಿಯನ್ನೇ ದೇವರಿಗೆ ಓದಿ ಹೇಳುತ್ತಾರೆ. ಈ ಸರದಿಯನ್ನು ಬಹುಕಾಲದಿಂದ ಮಾಡುತ್ತಿರುವ ಹಿರಿಯನಾಗಿ, ನಾನು ಹೇಗೆ ತಯಾರಾಗುತ್ತೇನೆ ಎಂಬುದನ್ನು ಹೊಸಬರಿಗಾಗಿ ಬರೆಯುತ್ತಿದ್ದೇನೆ.

ಶನಿವಾರ ಮೊದಲು ಫೋನು ಹಿಡಿಯಿರಿ, ಸತ್ಯವೇದ ಆಮೇಲೆ. ಆ ಯುದ್ಧ ನಿಮ್ಮ ಸಭೆಯ ಯಾರ ಮನೆಗೆ ತಟ್ಟಿದೆ ಎಂದು ವಿಚಾರಿಸಿ. ಕರಾವಳಿಯ ಎಷ್ಟೋ ಮಂದಿ ಇಸ್ರೇಲಿನಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾರೆ. ಇಸ್ರೇಲ್-ಹಮಾಸ್ ಯುದ್ಧ ಶುರುವಾದ 2023ರ ಅಕ್ಟೋಬರಿನಲ್ಲಿ ನಮ್ಮ ಸಭೆಯ ಒಬ್ಬ ತಾಯಿಗೆ ಫೋನು ಮಾಡಿ, "ಅಮ್ಮಾ, ಮಗಳಿಗಾಗಿ ಏನು ಬೇಡಲಿ?" ಎಂದು ಕೇಳಿದೆ. "ಅವಳು ನೋಡಿಕೊಳ್ಳುವ ಅಜ್ಜಿಗೆ ನಡೆಯಲಿಕ್ಕೆ ಆಗುವುದಿಲ್ಲ. ಸೈರನ್ ಆದಾಗ ಆ ಅಜ್ಜಿಯನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಬೇಕಂತೆ. ಅವಳ ಸೊಂಟಕ್ಕೆ ಬಲ ಕೊಡಲಿ ಅಂತ ಬೇಡಿ" ಎಂದರು. ಅಂಥ ಒಂದು ಬೇಡಿಕೆ ಸಿಕ್ಕರೆ ಪ್ರಾರ್ಥನೆಗೆ ಜೀವ ಬರುತ್ತದೆ. ಹೆಸರು ಹೇಳುವ ಮೊದಲು ಮನೆಯವರ ಒಪ್ಪಿಗೆ ಪಡೆಯಿರಿ.

ಆಮೇಲೆ ಆಚೆಯ ದಡವನ್ನು ನೋಡಿ. ಗಾಜಾದ ಅಲ್-ಅಹ್ಲಿ ಆಸ್ಪತ್ರೆಯನ್ನು ನಡೆಸುವುದು ಜೆರುಸಲೇಮಿನ ಆಂಗ್ಲಿಕನ್ ಧರ್ಮಪ್ರಾಂತ. ಸಿ.ಎಸ್.ಐ. ಕೂಡ ಅದೇ ಆಂಗ್ಲಿಕನ್ ಸಭೆಗಳ ಲೋಕವ್ಯಾಪಿ ಅನ್ಯೋನ್ಯತೆಗೆ ಸೇರಿದ್ದು. ಎಂದಮೇಲೆ ಅದು ನಮ್ಮ ಕುಟುಂಬದ ಆಸ್ಪತ್ರೆ. 2023ರ ಅಕ್ಟೋಬರ್ 17ರ ರಾತ್ರಿ, ಮನೆ ಬಿಟ್ಟು ಬಂದವರು ತಂಗಿದ್ದ ಅದರ ಅಂಗಳದಲ್ಲಿ ಸ್ಫೋಟವಾಯಿತು. ಎರಡು ದಿನ ಕಳೆದು ಅಲ್ಲಿನ ಸಂತ ಪೋರ್ಫಿರಿಯಸ್ ದೇವಾಲಯದ ಆವರಣ ವಾಯುದಾಳಿಗೆ ಸಿಕ್ಕಿ, ಆಶ್ರಯ ಪಡೆದಿದ್ದವರು ಸತ್ತರು. ಇಂಥ ಹೆಸರುಗಳನ್ನು ಹಾಳೆಯಲ್ಲಿ ಬರೆದುಕೊಂಡು ಗಟ್ಟಿಯಾಗಿ ಓದಿ ರೂಢಿಸಿಕೊಳ್ಳಿ. ಸತ್ತವರ ಸಂಖ್ಯೆ ಬೇಡ, ಅದು ಸಂಜೆಯೊಳಗೆ ಬದಲಾಗಿರುತ್ತದೆ.

ವಚನ ಆರಿಸುವಾಗ ನಾನು ಮೊದಲು ತೆರೆಯುವುದು ಯೆಹೋಶುವ 5:13-14. ಯೆರಿಕೋವಿನ ಬಳಿ ಬಿಚ್ಚುಗತ್ತಿ ಹಿಡಿದು ನಿಂತವನನ್ನು ಯೆಹೋಶುವನು, ನೀನು ನಮ್ಮ ಕಡೆಯವನೋ ಶತ್ರುಗಳ ಕಡೆಯವನೋ ಎಂದು ಕೇಳುತ್ತಾನೆ. ಬಂದವನು ಎರಡನ್ನೂ ಒಪ್ಪುವುದಿಲ್ಲ, ತಾನು ಯೆಹೋವನ ಸೇನಾಪತಿ ಎನ್ನುತ್ತಾನೆ. ಯೆಹೋಶುವನು ಬೋರಲು ಬೀಳುತ್ತಾನೆ. ಪ್ರಾರ್ಥನೆ ನಡೆಸುವವರು ಅಲ್ಲಿಂದ ಆರಂಭಿಸಬೇಕು. ಯೆಶಾಯ 2:4ರಲ್ಲಿ ಕತ್ತಿಗಳು ನೇಗಿಲಿನ ಗುಳಗಳಾಗುತ್ತವೆ. ಯೋವೇಲ 3:10ರಲ್ಲಿ ಗುಳಗಳೇ ಕತ್ತಿಗಳಾಗುತ್ತವೆ. ಎರಡನ್ನೂ ಓದಿಕೊಂಡವರು ಒಂದೇ ವಚನ ಹಿಡಿದು ಕೂಗಾಡುವುದಿಲ್ಲ. 137ನೇ ಕೀರ್ತನೆಯ ಕೊನೆಯ ಸೇಡಿನ ಮಾತು ಬಾಬೆಲಿಗೆ ಸೆರೆಹೋದವರ ಗಂಟಲಿನಿಂದ ಬಂದದ್ದು. ಬಲ್ಮಠದ ಗುಡ್ಡದ ಮೇಲೆ ಸುಖವಾಗಿ ಕೂತ ನಾವು ಅದನ್ನು ಎರವಲು ತರಬಾರದು.

ಇನ್ನೊಂದು ಮಾತನ್ನು ಸ್ವಲ್ಪ ಖಂಡಿತವಾಗಿಯೇ ಹೇಳಬೇಕು. ಪಶ್ಚಿಮ ಏಷ್ಯಾದಲ್ಲಿ ಕ್ಷಿಪಣಿ ಹಾರಿದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಹಿಡಿದು ಲೋಕಾಂತ್ಯದ ಲೆಕ್ಕಾಚಾರ ಶುರುವಾಗುತ್ತದೆ. ಕರ್ತನ ಬರೋಣಕ್ಕೆ ಕಾದಿರುವವರಲ್ಲಿ ನಾನೂ ಒಬ್ಬ. ಆದರೆ ಆ ದಿನವೂ ಗಳಿಗೆಯೂ ತನಗೂ ತಿಳಿಯದೆಂದು ಕರ್ತನೇ ಮಾರ್ಕ 13:32ರಲ್ಲಿ ಹೇಳಿದ ಮೇಲೆ, ಸತ್ತ ಮಕ್ಕಳನ್ನು ಗಡಿಯಾರದ ಮುಳ್ಳು ಮಾಡುವುದು ನನ್ನ ಕಣ್ಣಿಗೆ ಪಾಪ. ಜೆರುಸಲೇಮಿನ ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗ ಆತನು ಸತ್ತವರ ಮೇಲೆ ತೀರ್ಪು ಹೇಳಲಿಲ್ಲ, ಕೇಳುತ್ತಿದ್ದವರನ್ನು ಮಾನಸಾಂತರಕ್ಕೆ ಕರೆದನು. ಸತ್ಯವೇದದ ಇಸ್ರಾಯೇಲನ್ನೂ ಇವತ್ತಿನ ಸರಕಾರವನ್ನೂ ಒಂದೇ ಮಾಡಿ, ಅದರ ಪ್ರತಿಯೊಂದು ಬಾಂಬಿಗೂ ಆಮೆನ್ ಹೇಳಿಸುವ ಪ್ರಾರ್ಥನೆಯನ್ನು ದಯವಿಟ್ಟು ಮಾಡಬೇಡಿ.

ವೈರಿಗಾಗಿ ಬೇಡುವುದೇ ಕಷ್ಟದ ಭಾಗ. ವೈರಿಗಳನ್ನು ಪ್ರೀತಿಸಿರಿ ಎನ್ನುವ ಮತ್ತಾಯ 5:44 ನಮಗೆ ಬಾಯಿಪಾಠ, ಯುದ್ಧದ ವಾರದಲ್ಲಿ ಮಾತ್ರ ಬಾಯಿಗೆ ಬರುವುದಿಲ್ಲ. ಆಗ ನಾನು ನಮ್ಮ ಸಭೆಯ ಚರಿತ್ರೆಯನ್ನು ನೆನೆಯುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮುದ್ರಣಾಲಯ, ಶಾಲೆ, ಹಂಚಿನ ಕಾರ್ಖಾನೆ ಕಟ್ಟಿದರು. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಜರ್ಮನಿಯವರು. 1914ರಲ್ಲಿ ಯುದ್ಧ ಬಂತು, ನಮ್ಮ ಅಜ್ಜಂದಿರಿಗೆ ದೀಕ್ಷಾಸ್ನಾನ ಕೊಟ್ಟ ಜರ್ಮನ್ ಪಾದ್ರಿಗಳು ಸರಕಾರದ ಕಾಗದದಲ್ಲಿ ಶತ್ರು ಪ್ರಜೆಗಳಾದರು. ಅವರಲ್ಲಿ ಅನೇಕರನ್ನು ಅಹಮದ್‌ನಗರದ ಶಿಬಿರದಲ್ಲಿಟ್ಟು ಕೊನೆಗೆ ದೇಶದಿಂದ ಹೊರಗೆ ಕಳಿಸಿದರು. ಕಾರ್ಖಾನೆಗಳು ಮಿಶನಿನ ಕೈಬಿಟ್ಟು 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಹೋದವು. ಆಗ ನಮ್ಮ ಜನರು ಯಾರನ್ನು ವೈರಿ ಎಂದು ಪ್ರಾರ್ಥಿಸಬೇಕಿತ್ತು? ಅತ್ತ ಜರ್ಮನ್ ಸೈನಿಕನ ನಡುಪಟ್ಟಿಯ ಮೇಲೆ 'ದೇವರು ನಮ್ಮೊಂದಿಗಿದ್ದಾನೆ' ಎಂದು ಅಚ್ಚೊತ್ತಿತ್ತು. 1914ರ ಅಕ್ಟೋಬರಿನಲ್ಲಿ 93 ಜರ್ಮನ್ ವಿದ್ವಾಂಸರು ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದರು. ಬಾಸೆಲಿನಲ್ಲಿ ಹುಟ್ಟಿ, ಸ್ವಿಸ್ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದ, ಮುಂದೆ ಹೆಸರಾಂತ ದೇವಶಾಸ್ತ್ರಜ್ಞರಾದ ಕಾರ್ಲ್ ಬಾರ್ಥ್ ಆ ಪಟ್ಟಿಯಲ್ಲಿ ತನ್ನ ಗುರುಗಳ ಹೆಸರು ಕಂಡು ಕಂಗೆಟ್ಟರು.

ಆದ್ದರಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ನಮ್ಮವರಿಗಾಗಿ ಬರೆದ ವಾಕ್ಯವನ್ನೇ ಆಚೆಯವರಿಗಾಗಿ ಇನ್ನೊಮ್ಮೆ ಬರೆಯುತ್ತೇನೆ, ಒಂದು ಪದವನ್ನೂ ತಗ್ಗಿಸುವುದಿಲ್ಲ. "ಕರ್ತನೇ, ಗಡಿಯಲ್ಲಿರುವ ನಮ್ಮ ಮಗನನ್ನು ಅವನ ತಾಯಿಯ ಬಳಿಗೆ ಸುಖವಾಗಿ ತಲಪಿಸು. ಗಡಿಯ ಆಚೆ ನಿಂತಿರುವ ಮಗನನ್ನೂ ಅವನ ತಾಯಿಯ ಬಳಿಗೆ ಸುಖವಾಗಿ ತಲಪಿಸು." ಬರೆದು ನೋಡಿ. ಎರಡನೆಯ ವಾಕ್ಯಕ್ಕೆ ಪೆನ್ನು ನಿಂತರೆ, ಶನಿವಾರ ರಾತ್ರಿ ನೀವು ಮೊಣಕಾಲೂರಬೇಕಾದದ್ದು ಅಲ್ಲಿಯೇ.

ಇದು ನಮ್ಮ ಸೈನಿಕರಿಗೆ ಅಗೌರವವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಆಗಿನ ಪೂರ್ವ ಪಾಕಿಸ್ತಾನದ ಗಂಗಾಸಾಗರದಲ್ಲಿ ಪ್ರಾಣ ಕೊಟ್ಟು ಪರಮವೀರ ಚಕ್ರ ಪಡೆದ ಆಲ್ಬರ್ಟ್ ಎಕ್ಕಾ ಕ್ರೈಸ್ತರು. ನಿರಾಯುಧರನ್ನು ಕಾಯಲು ದೇಶವೊಂದು ಕೆಲವೊಮ್ಮೆ ಆಯುಧ ಹಿಡಿಯಲೇಬೇಕಾಗುತ್ತದೆ ಎಂದು ನಾನು ನಂಬುತ್ತೇನೆ. ಯಾವ ಯುದ್ಧವೂ ಕೂಡದು ಎನ್ನುವ ಕ್ರೈಸ್ತರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಲಾರೆ. ಲೂಕ 3:14ರಲ್ಲಿ ಸಿಪಾಯಿಗಳು ಬಂದು ಕೇಳಿದಾಗ ಸ್ನಾನಿಕನಾದ ಯೋಹಾನನು ಕೆಲಸ ಬಿಡಿ ಎನ್ನಲಿಲ್ಲ, ಯಾರನ್ನೂ ಬೆದರಿಸಿ ಸುಲಿಯಬೇಡಿ ಎಂದನು. ಸೈನಿಕರ ಜೀವದ ಜೊತೆಗೆ ಅವರ ಮನಸ್ಸಾಕ್ಷಿಗಾಗಿಯೂ ಬೇಡಿ. 'ಜಯ ಕೊಡು' ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. 'ಬೇಗ ನಿಲ್ಲಿಸು, ನ್ಯಾಯದಿಂದ ನಿಲ್ಲಿಸು' ಎನ್ನುತ್ತೇನೆ. ಅಧಿಕಾರಿಗಳಿಗಾಗಿ 1 ತಿಮೊಥೆಯ 2:1-2 ಇದ್ದೇ ಇದೆ, ಒಂದೆರಡು ವಾಕ್ಯ ಸಾಕು.

ಒಟ್ಟು ಐದು ನಿಮಿಷ ಮೀರಬಾರದು. ಪ್ರತಿ ಬೇಡಿಕೆಯ ನಂತರ ಸಭೆ "ಕರ್ತನೇ, ಕರುಣಿಸು" ಎನ್ನಲಿ. ಕೊನೆಗೆ ಒಂದು ನಿಮಿಷ ಮೌನ. ಆಗ ಕೀಬೋರ್ಡ್ ನುಡಿಸುವವರು ಸುಮ್ಮನಿರಬೇಕೆಂದು ಮೊದಲೇ ತಿಳಿಸಿ. ಆರಾಧನೆ ಮುಗಿದ ಮೇಲೆ ಹಾಳೆಯನ್ನು ಮುಂದಿನ ವಾರದ ಸರದಿಯವರ ಕೈಗೆ ಕೊಡಿ. ಕದನವಿರಾಮದ ಸುದ್ದಿ ಬಂದಿತೆಂದು ಹೆಸರುಗಳನ್ನು ಹೊಡೆದುಹಾಕಬೇಡಿ. ಮೊದಲು ಆ ತಾಯಿಗೆ ಫೋನು ಮಾಡಿ, ಮಗಳು ಹೇಗಿದ್ದಾಳೆ, ಯಾವಾಗ ಊರಿಗೆ ಬರುತ್ತಾಳೆ ಎಂದು ಕೇಳಿ.