ಗಾಳ ಹಾಕುವ ಮೊದಲು ಹೊಳೆ ನೋಡಿ: ಕೊಡಗಿನಲ್ಲಿ ಮಹಸೀರ್ ಹಿಡಿಯುವವರಿಗೆ

ಹೊರಗಿನಿಂದ ಬರುವ ಗೆಳೆಯರು ಮೊದಲು ಕೇಳುವುದು, ಇಲ್ಲಿ ಟ್ರೌಟ್ ಸಿಗುತ್ತಾ ಅಂತ. ಸಿಗುವುದಿಲ್ಲ. ಟ್ರೌಟ್ ತಣ್ಣೀರಿನ ಮೀನು, ನೀರು 20 ಡಿಗ್ರಿ ದಾಟಿದರೆ ಒದ್ದಾಡುತ್ತದೆ. ಅದಕ್ಕೇ ಬ್ರಿಟಿಷರು ಅದನ್ನು ತಂದು ಬಿಟ್ಟಿದ್ದು ನೀಲಗಿರಿ, ಮುನ್ನಾರ್ ಕಡೆಯ ಎತ್ತರದ ಹೊಳೆ, ಕೆರೆಗಳಿಗೆ. ಕುಶಾಲನಗರ ಇರುವುದು ಸುಮಾರು 830 ಮೀಟರ್ ಎತ್ತರದಲ್ಲಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಕಾವೇರಿಗೆ ಕಾಲಿಟ್ಟರೆ ದಡದ ನೀರು ಬೆಚ್ಚಗಿರುತ್ತದೆ. ನಮ್ಮ ಹೊಳೆಯ ಮೀನು ಮಹಸೀರ್, ಕಾವೇರಿ ದಂಡೆಯವರ ಬಾಯಲ್ಲಿ ಬಿಳಿಮೀನು. ಆದರೆ ಟ್ರೌಟ್ ಹಿಡಿಯುವವರ ಒಂದು ಅಭ್ಯಾಸ ನಮಗೂ ಬೇಕು. ಅವರು ರಾಡ್ ಬಿಚ್ಚುವ ಮೊದಲು ನೀರು ನೋಡುತ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಯನ್ನು ಅದರ ಪಾಡಿಗೆ ಬಿಟ್ಟುಬಿಡಿ. ಕಕ್ಕಡದ (ಕೊಡಗಿನ ಆಟಿ ತಿಂಗಳು) ಕೆಂಪು ನೀರಿನಲ್ಲಿ ಗಾಳ ಹಾಕುವುದು ಅಪಾಯ, ಅದಕ್ಕಿಂತ ಹೆಚ್ಚಾಗಿ ಅದು ಮೀನು ಹೊಳೆ ಏರಿ ಮೊಟ್ಟೆ ಇಡುವ ಕಾಲ. ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಮುಗಿದು, ನಮ್ಮ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬರುವಾಗ ನೀರು ಇಳಿದು ತಿಳಿಯಾಗುತ್ತದೆ. ಅಲ್ಲಿಂದ ಶುರು ಮಾಡಿ.

ನನ್ನನ್ನು ಕೇಳಿದರೆ ವರ್ಷದ ಒಳ್ಳೆಯ ದಿನಗಳು ಬರುವುದು ಹೂ ಮಳೆಯ ಜೊತೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂವಿಗೆ ಒಂದು ಹದ ಮಳೆ ಬೀಳುತ್ತದಲ್ವಾ, ಅದು ಬಿದ್ದ ಮರುದಿನ ಹೊಳೆ ಹಾಲು ಹಾಕಿದ ಚಹಾದಂತೆ ಇರುತ್ತದೆ, ಆಗ ಹೋದರೆ ಸುಮ್ನೆ ಕೂತು ಬರಬೇಕು. ಇನ್ನೊಂದೆರಡು ದಿನ ತಡೆಯಿರಿ. ಕೆಸರು ತಳಕ್ಕೆ ಕೂತು, ನೀರಿಗೆ ಒಂದಿಷ್ಟು ಬಣ್ಣ ಉಳಿದು, ಮಟ್ಟ ನಿಧಾನಕ್ಕೆ ಇಳಿಯುತ್ತಿರುವಾಗ ಮೀನು ಭಯ ಬಿಟ್ಟು ಮೇಯುತ್ತದೆ. ಇದನ್ನು ಅಳೆಯಲು ಯಂತ್ರ ಬೇಡ. ಮೊಣಕಾಲುದ್ದ ನೀರಿನಲ್ಲಿ ನಿಂತು ಕೆಳಗೆ ನೋಡಿ. ಕಾಲಬೆರಳು ಕಾಣದಿದ್ದರೆ ಮನೆಗೆ ಹೋಗಿ. ಮಸುಕಾಗಿ ಕಂಡರೆ ಅದೇ ಹದ. ಒಂದೊಂದು ಉಗುರೂ ಸ್ಪಷ್ಟವಾಗಿ ಕಂಡರೆ ಮೀನಿಗೂ ನೀವು ಅಷ್ಟೇ ಸ್ಪಷ್ಟವಾಗಿ ಕಾಣುತ್ತೀರಿ, ಹಾಗಾಗಿ ದಡದಿಂದ ಹಿಂದೆ ಸರಿದು, ನೆರಳು ನೀರಿಗೆ ಬೀಳದಂತೆ ನಿಂತು ಗಾಳ ಹಾಕಿ.

ಬಂದ ಕೂಡಲೇ ನೀರಿನ ಅಂಚಿಗೆ ಒಂದು ಕಡ್ಡಿ ನೆಡಿ, ಅರ್ಧ ಗಂಟೆ ಬಿಟ್ಟು ನೋಡಿ. ನೀರು ಕಡ್ಡಿ ದಾಟಿ ಮೇಲೆ ಬಂದಿದ್ದರೆ ಎಲ್ಲೋ ಮೇಲೆ ಮಳೆಯಾಗಿದೆ. ಹೊಳೆಯ ನಡುವಿನ ಬಂಡೆ ಮೇಲೆ ಇದ್ದರೆ ತಕ್ಷಣ ದಡಕ್ಕೆ ಬನ್ನಿ. ಹಾರಂಗಿ ಅಣೆಕಟ್ಟಿನ ಕೆಳಗೆ, ಅದು ಕೂಡಿಗೆಯಲ್ಲಿ ಕಾವೇರಿಗೆ ಸೇರುವವರೆಗೂ, ಆಕಾಶ ಖಾಲಿ ಇದ್ದರೂ ಗೇಟ್ ತೆಗೆದರೆ ನೀರು ಏರುತ್ತದೆ. ಅಲ್ಲಿ ನಡುನೀರಿಗೆ ಇಳಿಯಲೇಬೇಡಿ.

ಇನ್ನು ಮೀನು ಎಲ್ಲಿರುತ್ತದೆ ಅನ್ನುವುದು. ಕಲ್ಲುಗಳ ಮೇಲೆ ನೊರೆಯಾಗಿ ಓಡುವ ನೀರು ಮಡುವಿಗೆ ಬಂದು ಬೀಳುವ ಜಾಗ ನೋಡಿಟ್ಟುಕೊಳ್ಳಿ. ಅಲ್ಲಿ ಓಡುವ ನೀರಿಗೂ ನಿಧಾನದ ನೀರಿಗೂ ನಡುವೆ ಒಂದು ಗೆರೆ ಇರುತ್ತದೆ, ಎಲೆ, ನೊರೆ ಅದರ ಮೇಲೆ ಸಾಲಾಗಿ ತೇಲಿಹೋಗುತ್ತವೆ. ಮಹಸೀರ್ ಆ ಗೆರೆಯ ನಿಧಾನದ ಬದಿಯಲ್ಲಿ ನಿಂತು, ಹರಿವು ತರುವುದನ್ನು ತಿನ್ನುತ್ತದೆ. ದೊಡ್ಡ ಬಂಡೆಯ ಹಿಂಬದಿ, ನೀರಿಗೆ ಬಾಗಿದ ಅತ್ತಿ ಮರದ ಕೆಳಗೂ ನೋಡಿ, ಉದುರುವ ಹಣ್ಣು ಅದಕ್ಕೆ ಇಷ್ಟ. ನೀರುನಾಯಿಗಳು ಬಂದುಹೋದ ಮಡುವಿನಲ್ಲಿ ಆ ಹೊತ್ತು ಕಾಯುವುದು ವ್ಯರ್ಥ. ನಿಧಾನದ ಬಣ್ಣದ ನೀರಿಗೆ ಗಟ್ಟಿಯಾಗಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ, ಓಡುವ ತಿಳಿ ನೀರಿಗೆ ಸ್ಪೂನ್ (ಮರಿಮೀನಿನಂತೆ ಮಿನುಗುವ ಲೋಹದ ಹುಸಿ ಎರೆ), ಇಷ್ಟೇ.

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇನ್ನೊಂದು ವಿಷಯ ಗಮನಿಸಿ. ಕಾಫಿ ಪಲ್ಪಿಂಗ್ ಮಾಡಿದ, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ನೀರನ್ನು ನೇರ ತೋಡಿಗೆ (ಸಣ್ಣ ಹಳ್ಳಕ್ಕೆ) ಬಿಟ್ಟಿದ್ದರೆ ಹುಳಿ ವಾಸನೆ ಬರುತ್ತದೆ, ನೀರು ಕಪ್ಪಾಗುತ್ತದೆ. ಆ ಕೊಳೆತದಿಂದ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಉಸಿರುಗಟ್ಟುತ್ತದೆ. ಅಂಥ ತೋಡು ಸೇರುವ ಕಡೆ ಗಾಳ ಹಾಕಬೇಡಿ, ತೋಟದವರ ಹತ್ತಿರ ಮಾತಾಡಿ. ನಾವು ಮಾತಾಡದಿದ್ದರೆ ಯಾರು ಮಾತಾಡುತ್ತಾರೆ?

ಸುಡು ಬೇಸಿಗೆಯಲ್ಲಿ ಬೆಳಗ್ಗೆ ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ ಮಾತ್ರ ಹಿಡಿಯಿರಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಮೀನು ಚೇತರಿಸಿಕೊಳ್ಳುವುದು ಕಷ್ಟ. ಹೋದ ಬೇಸಿಗೆ ಒಂದು ಮಧ್ಯಾಹ್ನ ಫೋಟೋ ಆಸೆಗೆ ನಾನು ಒಂದು ಮೀನನ್ನು ನೀರಿನಿಂದ ಹೊರಗೆ ಜಾಸ್ತಿ ಹೊತ್ತು ಹಿಡಿದಿದ್ದೆ. ಬಿಟ್ಟ ಮೇಲೆ ಅದು ಹೊಟ್ಟೆ ಮೇಲಾಗಿ ತೇಲಿತು, ಕಾಲು ಗಂಟೆ ನೀರಿನಲ್ಲಿ ಹಿಡಿದುಕೊಂಡು ನಿಂತರೂ ಉಳಿಯಲಿಲ್ಲ. ಆ ನೋವು ಇನ್ನೂ ಹೋಗಿಲ್ಲ. ಕಾವೇರಿಯದ್ದೇ ಆದ, ಕಿತ್ತಳೆ ರೆಕ್ಕೆಯ, ಬೆನ್ನುಬ್ಬಿದ ಮಹಸೀರ್ ಅನ್ನು 2018ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದ್ದಾರೆ. ಆದ್ದರಿಂದ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿಬಿಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಮೀನು ನೀರಿನಲ್ಲೇ ಇರಲಿ, ತಲೆ ಹರಿವಿಗೆ ಎದುರಾಗಿರಲಿ, ತಾನಾಗಿ ಬಾಲ ಬೀಸಿ ಹೋಗುವವರೆಗೆ ಕಾಯಿರಿ.

ಪರವಾನಗಿ ಇಲ್ಲದೆ ಹೊರಡಬೇಡಿ. ವಾಲ್ನೂರು ಕಡೆ ಹಿಡಿದು ಬಿಡುವ ಮೀನುಗಾರಿಕೆಗೆ ಕೊಡಗಿನ ವನ್ಯಜೀವಿ ಸಂಘದ ಅನುಮತಿ ಪಡೆಯುವ ಪದ್ಧತಿ ಇದೆ, ಈಗಿನ ನಿಯಮ ಏನು ಅಂತ ಹೊರಡುವ ಮೊದಲು ವಿಚಾರಿಸಿ. ನಾಗರಹೊಳೆ ಕಾಡಿನೊಳಗೆ ಗಾಳ ಹಾಕುವಂತಿಲ್ಲ. ಯಾರಾದರೂ ಮೀನು ಹಿಡಿಯಲು ನೀರಿಗೆ ತೋಟೆ (ಸಿಡಿಮದ್ದು) ಅಥವಾ ವಿಷ ಹಾಕುತ್ತಿರುವುದು ಕಂಡರೆ ಪೊಲೀಸರಿಗೆ ತಿಳಿಸಿ, 1897ರ ಕಾನೂನಿನಿಂದಲೇ ಅದು ಅಪರಾಧ. ಮತ್ತೆ ದುಬಾರೆ ಸುತ್ತಮುತ್ತ ಇದ್ದರೆ ಕತ್ತಲಾಗುವ ಮೊದಲೇ ದಡ ಬಿಡಿ, ಅದು ಆನೆ ನೀರಿಗೆ ಬರುವ ಹೊತ್ತು.