‘ಯಾವಾಗ ಬರಬೇಕು?’ ಅಂತ ಮೊದಲು ಅಪ್ಪ-ಅಮ್ಮನನ್ನೇ ಕೇಳುತ್ತೇನೆ

ನಾನು ಮಕ್ಕಳ ಬೆಳವಣಿಗೆ ನೋಡುವ ಥೆರಪಿಸ್ಟ್. ಯಾವ ತಿಂಗಳಿಗೆ ಕೂರಬೇಕು, ಯಾವಾಗ ತಾನೇ ತಿನ್ನಬೇಕು ಎನ್ನುವ ಪಟ್ಟಿ ನನ್ನ ಹತ್ತಿರವೂ ಇದೆ. ಆದರೆ ಟಿಕ್ ಹಾಕುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. "ನಿಮ್ಮ ಪ್ರಕಾರ ಇದು ಎಷ್ಟನೇ ವಯಸ್ಸಿಗೆ ಬರಬೇಕು?" ಆಮೇಲೆ, "ಮನೆಯಲ್ಲಿ ಮಗುವಿಗೆ ಇದನ್ನ ಮಾಡೋಕೆ ಬಿಡ್ತೀರಾ?"

ಎರಡನೆಯದರಲ್ಲೇ ಜಾಸ್ತಿ ಗೊತ್ತಾಗುತ್ತದೆ. ಒಮ್ಮೆ ಬಂದ ಅಪ್ಪ-ಅಮ್ಮ ಬೇರೆ ಬೇರೆ ದೇಶದವರು. ಮಗನಿಗೆ ಎರಡು ವರ್ಷ. ಇನ್ನೂ ತಾನಾಗಿ ತಿನ್ನುವುದಿಲ್ಲ ಅಂತ ಅಪ್ಪನಿಗೆ ಚಿಂತೆ. "ನಾನಿರುವಾಗ ಅವನ್ಯಾಕೆ ಕಷ್ಟಪಡಬೇಕು?" ಅಂತ ಅಮ್ಮ. ಅವನ ಮುಂದೆ ಬಟ್ಟಲು ಇಟ್ಟು ಕೈಗೆ ಚಮಚ ಕೊಟ್ಟೆ. ಮೊದಲು ಅಮ್ಮನ ಮುಖ ನೋಡಿದ. ಆಮೇಲೆ ಮುಷ್ಟಿಯಲ್ಲಿ ಹಿಡಿದು, ಅರ್ಧ ಚೆಲ್ಲಿ, ಅರ್ಧ ಬಾಯಿಗೆ ಹಾಕಿಕೊಂಡ. ಹಿಡಿತ ಚೆನ್ನಾಗೇ ಇತ್ತು. ಅಭ್ಯಾಸ ಇರಲಿಲ್ಲ, ಅಷ್ಟೆ. ಅಮ್ಮನ ಚಿಂತೆಯೇ ಬೇರೆ: ಮಗ ಹಿರಿಯರ ಮಾತು ಕೇಳುವುದಿಲ್ಲ, ಹಟ ಮಾಡುತ್ತಾನೆ. ಅಪ್ಪನಿಗೆ ಅದು ಲೆಕ್ಕಕ್ಕೇ ಇಲ್ಲ.

ಜಪಾನ್ ಮತ್ತು ಅಮೆರಿಕದ ತಾಯಂದಿರ ಬಗ್ಗೆ 1980ರಲ್ಲಿ ಬಂದ ಅಧ್ಯಯನದಲ್ಲೂ ಇಂಥದ್ದೇ ವ್ಯತ್ಯಾಸ ಕಂಡಿತ್ತು. ಕೋಪ ತಡೆದುಕೊಳ್ಳುವುದು, ವಿನಯ, ಹೇಳಿದ ಮಾತು ಕೇಳುವುದು ಬೇಗ ಬರಬೇಕು ಅಂತ ಜಪಾನಿನವರು. ತನಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳುವುದು ಬೇಗ ಬರಬೇಕು ಅಂತ ಅಮೆರಿಕದವರು.

ನಿರೀಕ್ಷೆ ಬರೀ ಮನಸ್ಸಲ್ಲೇ ಉಳಿಯುವುದಿಲ್ಲ, ಮಗುವಿನ ಮೈಗೂ ಬರುತ್ತದೆ. ಕೀನ್ಯಾದ ಕಿಪ್ಸಿಗಿಸ್ ಜನ ಮಕ್ಕಳಿಗೆ ಕೂರುವುದನ್ನು, ನಡೆಯುವುದನ್ನು ಬೇಕೆಂದೇ ಕಲಿಸುತ್ತಾರೆ. ಆ ಮಕ್ಕಳು ಇವೆರಡರಲ್ಲೂ ಅಮೆರಿಕದ ಮಕ್ಕಳಿಗಿಂತ ಮುಂದಿದ್ದುದನ್ನು ಸಂಶೋಧಕ ಚಾರ್ಲ್ಸ್ ಸೂಪರ್ 1976ರಲ್ಲಿ ಬರೆದರು. ಯಾರೂ ಕಲಿಸದ ಬೋರಲು ಬೀಳುವುದರಲ್ಲಿ ಆ ಮುನ್ನಡೆ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಲ್ಲೂ ಒಂಟಿಯಾಗಿ ನಡೆಯಲು 8.2ರಿಂದ 17.6 ತಿಂಗಳವರೆಗೆ ಜಾಗವಿದೆ. ಪಕ್ಕದ ಮನೆಯ ಮಗು ನಡೆಯಿತು ಅಂತ ಸುಮ್ನೆ ಗಾಬರಿಯಾಗುವ ಅಗತ್ಯವಿಲ್ಲ, ಅಲ್ವಾ?

ಅದಕ್ಕೇ ನನ್ನ ಪಟ್ಟಿಯಲ್ಲಿ ‘ಬರುತ್ತದೆ’, ‘ಬರುವುದಿಲ್ಲ’ ಜೊತೆಗೆ ‘ಅವಕಾಶ ಸಿಕ್ಕಿಲ್ಲ’ ಅಂತ ಇನ್ನೊಂದು ಕಾಲಂ ಸೇರಿಸಿಕೊಂಡಿದ್ದೇನೆ. ಅದರಲ್ಲಿ ಟಿಕ್ ಬಿದ್ದರೆ ಕೆಲವು ವಾರ ಮನೆಯಲ್ಲಿ ಅಭ್ಯಾಸ ಮಾಡಿಸಲು ಹೇಳಿ, ಮತ್ತೆ ನೋಡುತ್ತೇನೆ.

ಆದರೆ ಎಲ್ಲವನ್ನೂ ‘ನಮ್ಮಲ್ಲಿ ಹೀಗೇ’ ಅಂತ ಬಿಡಲು ನಾನು ಒಪ್ಪುವುದಿಲ್ಲ. ಮಗು ಶಬ್ದಕ್ಕೆ ತಿರುಗುತ್ತಿಲ್ಲ, ಬರುತ್ತಿದ್ದ ಮಾತು ನಿಂತುಹೋಗಿದೆ, ಒಂದೇ ಕೈ ಬಳಸುತ್ತಿದೆ ಅಂದರೆ ಯಾವ ಸಂಸ್ಕೃತಿಯ ಮನೆಯಾದರೂ ಅಂದೇ ವೈದ್ಯರ ಹತ್ತಿರ ಕಳಿಸುತ್ತೇನೆ.